ಚೆಲ್ಲಬ್ಯಾಡ್ರಿ, ಏನರ ಆಗ್ತದ!

ಕಾಳಗಿಯ ನಮ್ಮ ಓಣಿಯಲ್ಲಿ ಕಸ ಚೆಲ್ಲುವುದು ಅಷ್ಟು ಸುಲಭದ ಕೆಲಸವಲ್ಲ. ಕಸದ ಬುಟ್ಟಿ ಹಿಡಿದು ಹೊಸ್ತಿಲು ದಾಟಿದವರು ಮೊದಲು ಎದುರು ಮನೆಯ ಕಟ್ಟೆ ನೋಡುತ್ತಾರೆ. ಕಟ್ಟೆ ಖಾಲಿ ಇದ್ದರೆ ಮುಂದೆ ನಡೆದರು. ಅಲ್ಲಿ ವೈನಿ ಕುಳಿತಿದ್ದರೆ ಬುಟ್ಟಿ ಸಮೇತ ಒಳಗೆ ಬಂದರು. ಎಷ್ಟೇ ಹುಷಾರಾಗಿದ್ದರೂ ಒಮ್ಮೊಮ್ಮೆ ಆ ಕೂಗು ಬೆನ್ನ ಹಿಂದಿನಿಂದ ಬಂದೇ ಬರುತ್ತದೆ: “ಚೆಲ್ಲಬ್ಯಾಡ್ರಿ ಮಾಸ್ತರ, ಏನರ ಆಗ್ತದ!”

ಏನು ಆಗುತ್ತದೆ ಎಂಬುದು ಆ ಹೊತ್ತಿಗೆ ವೈನಿಗೂ ಗೊತ್ತಿರುವುದಿಲ್ಲ. ಒಡೆದ ಬಳೆ, ಹಳೆಯ ಲಗ್ನಪತ್ರಿಕೆ, ತೆಂಗಿನ ಚಿಪ್ಪು, ತೊಗರಿ ಕಟ್ಟಿಗೆ, ಸುಟ್ಟ ಬಲ್ಬು, ಮಾತ್ರೆ ನುಂಗಿ ಉಳಿದ ಹಾಳೆ. ಅವರ ಲೆಕ್ಕದಲ್ಲಿ ಜಗತ್ತಿನ ಸಾಮಾನುಗಳಲ್ಲಿ ಎರಡೇ ಬಗೆ: ಈಗಾಗಲೇ ಏನೋ ಆಗಿರುವವು, ಮುಂದೆ ಏನೋ ಆಗಲಿರುವವು. ಎರಡನೆಯ ಬಗೆಯವು ಮಾಳಿಗೆಯ ಖೋಲಿ ತುಂಬಿ, ಮೆಟ್ಟಿಲಿಳಿದು, ಈಗ ಅಡುಗೆಮನೆ ಬಾಗಿಲಿಗೆ ಬಂದು ನಿಂತಿವೆ. ಓಣಿಯ ಮಂದಿ ಅವರನ್ನು ಕಲಾ ವೈನಿ ಎನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆಯಂತೆ. ಕಾರ್ಡನ್ನು ಮಾತ್ರ ವೈನಿಯ ಗಂಡ, ನಮ್ಮ ಅಣ್ಣ, ಬೀಗ ಹಾಕಿ ಇಟ್ಟಿದ್ದಾರೆ, ಲ್ಯಾಮಿನೇಷನ್ನು ಹೊಳೆಯುತ್ತದೆ ಎಂಬ ಭಯಕ್ಕೆ.

ಇಂಥವರು ಕಾಳಗಿಗಷ್ಟೇ ಮೀಸಲಲ್ಲ. ನಮ್ಮ ಈ ಸುಣ್ಣಗಲ್ಲಿನ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಶಹಾಬಾದಿನವರು ಫರಸಿ ತುಂಡಿನ ಮೇಲೆ ನವಿಲು ಬರೆಯುತ್ತಾರೆ. ವಾಡಿಯವರು ಸಿಮೆಂಟ್ ಚೀಲ ಬಿಚ್ಚಿ ಕೈಚೀಲ ಹೊಲಿಯುತ್ತಾರೆ. ಅದರಲ್ಲಿ ತಂದ ಬದನೆಕಾಯಿ ಎಷ್ಟು ತೊಳೆದರೂ ಬೂದಿ ಬಣ್ಣ ಬಿಡುವುದಿಲ್ಲ. ಚಿಂಚೋಳಿಯವರು ಕುಂಚಾವರಂ ಅಡವಿಯ ಒಣಕಾಯಿ, ತೊಗಟೆ ಆರಿಸಿ ತಂದು ಗೂಬೆ ಮಾಡುತ್ತಾರೆ. ಸೇಡಂ, ಚಿತ್ತಾಪುರದವರದು ರೇಷ್ಮೆ ದಾರದ ಬಳೆ, ಮದುವೆಯ ಆರತಿ ತಟ್ಟೆ. ಮಾಡುವ ಸಾಮಾನು ಬೇರೆ ಬೇರೆ, ಲಕ್ಷಣ ಒಂದೇ: ಕಿವಿಯ ಮೇಲೊಂದು ಪೆನ್ಸಿಲ್ಲು, ಬೆರಳ ತುದಿಗೆ ಒಣಗಿದ ಫೆವಿಕಾಲಿನ ಪೊರೆ, ಮತ್ತು ಕ್ಷೇಮ ಸಮಾಚಾರ ಕೇಳುವಾಗಲೂ ಎದುರಿನವರ ಸೆರಗಿನ ಮೇಲೆ ನೆಟ್ಟ ಕಣ್ಣು.

ವೈನಿಗೆ ಐಡಿಯಾ ಬರುವುದಕ್ಕೂ ಒಂದು ವೇಳೆ ಇದೆ. ಅಣ್ಣ ಅಡತಿ ಅಂಗಡಿಯಿಂದ ಹಸಿದು ಬಂದು, ಕೈಕಾಲು ತೊಳೆದು, ತಾಟಿನ ಮುಂದೆ ಕುಳಿತ ವೇಳೆ ಅದು. ಹಂಚಿನ ಮೇಲೆ ಜೋಳದ ರೊಟ್ಟಿ ಇರುತ್ತದೆ. ನೀರು ಸವರಿದ ಬದಿ ಆರುತ್ತಾ ಬಂದಾಗ ತಿರುವಿ ಹಾಕಿದರೆ ಕಂದು ಚುಕ್ಕಿಗಳು ಏಳುತ್ತವೆ, ಅಂಚಿಗೆ ದಟ್ಟ, ನಡುವೆ ವಿರಳ. ಒಂದು ಮಧ್ಯಾಹ್ನ ವೈನಿ ರೊಟ್ಟಿ ತಿರುವಿದವರು ಹಾಗೇ ನಿಂತರು. “ರೀ, ಈ ಡಿಸೈನ್ ನೋಡ್ರಿ! ಸೀರಿ ಅಂಚಿಗಿ ಎಷ್ಟ್ ಚಂದ ಕೂಡ್ತದ!” ಅಣ್ಣ ಪುಂಡಿಪಲ್ಲೆ ಹಾಕಿಕೊಂಡು ನೋಡಿದರು. ರೊಟ್ಟಿ ತಾಟಿಗೆ ಬರಲಿಲ್ಲ. ಗೋಡೆಗೆ ಆನಿಕೊಂಡು ನಿಂತಿತು. ವೈನಿ ಹಳೆಯ ತಲೆದಿಂಬಿನ ಅರಿವೆ ಹಾಸಿ, ಇದ್ದಿಲಿನಿಂದ ಒಂದೊಂದೇ ಚುಕ್ಕಿ ನಕಲು ಮಾಡತೊಡಗಿದರು. ಅಷ್ಟರಲ್ಲಿ ಹಂಚಿನ ಮೇಲಿದ್ದ ಎರಡನೇ ರೊಟ್ಟಿಯ ಚುಕ್ಕಿಗಳೆಲ್ಲ ಕೂಡಿ ಒಂದಾಗಿದ್ದವು. “ಇದು ಬ್ಲಾಕ್ ಪ್ರಿಂಟೇನು?” ಎಂದು ಅಣ್ಣ ಕೇಳಿದರೆ, ತಲೆ ಎತ್ತದೆ “ಹ್ಞೂಂ, ಅದೂ ಇರ್ಲಿ, ತೆಗದಿಡ್ರಿ” ಅಂದರಂತೆ.

ಹೊಸದೇನೂ ಹೊಳೆಯುವುದಿಲ್ಲ ಎಂದು ಗೋಳಾಡುವ ಕಲಾವಿದರನ್ನು ನಾನು ಕೇಳಿ ಬಲ್ಲೆ. ನಮ್ಮ ವೈನಿಯ ಕಷ್ಟ ಐಡಿಯಾ ಬಾರದ್ದಲ್ಲ, ಬಂದದ್ದು ಹೋಗದ್ದು. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತದೆ. ಕಾಳಗಿ ಚಿತ್ತಾಪುರದಿಂದ ಬೇರೆಯಾಗಿ 2018ರಲ್ಲಿ ತಾಲೂಕಾಯಿತಲ್ಲ, ಊರಿಗೆ ಕಚೇರಿ ಬಂತು, ಕಚೇರಿ ಹಿಂದೆ ಜೆರಾಕ್ಸ್ ಅಂಗಡಿ ಬಂದವು, ಅಂಗಡಿಯಿಂದ ರದ್ದಿ ವೈನಿಯ ಮನೆಗೆ ಬಂತು. ರದ್ದಿ ನೆನೆಸಿ, ಮೆಂತ್ಯ ಕೂಡಿಸಿ ರುಬ್ಬಿ, ಬೋರಲು ಹಾಕಿದ ಗಡಿಗೆಗೆ ಮೆತ್ತಿ ಒಣಗಿಸಿ ಪುಟ್ಟಿ ಮಾಡುವುದು ನಮ್ಮ ಕಡೆಯ ಅಜ್ಜಿಯರ ಹಳೆಯ ವಿದ್ಯೆ. ಮೆಂತ್ಯದ ಕಹಿಗೆ ಹುಳ ಸುಳಿಯುವುದಿಲ್ಲ. ವೈನಿಗೆ ಪೂರ್ತಿ ಅರೆಯುವಷ್ಟು ಸಮಾಧಾನವಿಲ್ಲ. ಹಾಗಾಗಿ ಅವರ ಪುಟ್ಟಿಯ ಹೊಟ್ಟೆಯ ಮೇಲೆ ಯಾರದೋ ಪಹಣಿಯ ಸರ್ವೆ ನಂಬರು ಸ್ಪಷ್ಟವಾಗಿ ಓದಲು ಬರುತ್ತದೆ. ಹೊಲದ ತಕರಾರಿನವರು ಬಂದು ನೋಡಿ ಹೋದದ್ದೂ ಉಂಟು ಎಂದು ಓಣಿಯಲ್ಲಿ ಹೇಳುತ್ತಾರೆ. ನಾನು ನೋಡಿಲ್ಲ.

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗು ಸಿಕ್ಕ ಸುದ್ದಿ ಪೇಪರಿನಲ್ಲಿ ಬಂದಾಗ ಅಣ್ಣನಿಗೆ ರೇಟಿನ ಚಿಂತೆ, ವೈನಿಗೆ ಬಣ್ಣದ ಚಿಂತೆ. ಕೆಂಪು ತೊಗರಿ, ಬಿಳಿ ತೊಗರಿ, ಕರಿ ತೊಗರಿ ಬೇರೆ ಬೇರೆ ಆರಿಸಿ, ಪ್ಲೈವುಡ್ಡಿಗೆ ಒಂದೊಂದೇ ಕಾಳು ಅಂಟಿಸಿ ಮೊಳದುದ್ದದ ಗಣಪತಿ ಮಾಡಿದರು. “ಟ್ಯಾಗ್ ಕೊಟ್ಟಿದ್ದು ಕುದಿಸಿ ತಿನ್ನಾಕ, ಅಂಟಿಸಾಕಲ್ಲ” ಎಂದು ಅಣ್ಣ ಅಂದರೂ ಕೇಳಲಿಲ್ಲ. ಖರೇ ಹೇಳಬೇಕೆಂದರೆ ಗಣಪತಿ ಚೆಲುವಾಗಿಯೇ ಇದ್ದ. ಸೊಂಡಿಲಿನ ತಿರುವಿನಲ್ಲಿ ಬಿಳಿಯಿಂದ ಕೆಂಪಿಗೆ ಹೊರಳುವ ಕಾಳುಗಳನ್ನು ಕೂಡಿಸಿದ್ದು ಸಾಮಾನ್ಯ ಕೈಯಲ್ಲ. ಚೌತಿಗೆ ಇನ್ನೂ ವಾರವಿದೆ ಎನ್ನುವಾಗ ಬೆಳಿಗ್ಗೆ ಎದ್ದು ನೋಡಿದರೆ ಪ್ಲೈವುಡ್ಡು ಬೋಳು. ಸಂತಾಪ ಸೂಚಿಸಲು ಹೋದ ನನಗೆ ಅಣ್ಣ ಹೇಳಿದರು: “ಗಣಪತಿ ಹೋದ್ನ ಮಾಸ್ತರ, ವಾಹನ ಮನ್ಯಾಗೇ ಅದ.”

ಒಮ್ಮೆ ಶಾಲೆಯ ಮಕ್ಕಳನ್ನು ಸನ್ನತಿಗೆ ಕರೆದೊಯ್ಯುವಾಗ ವೈನಿಯೂ ಬಂದರು. ಅದರ ಪಕ್ಕದ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು 1994ರಿಂದ ಅಗೆದಾಗ ಎದ್ದು ಬಂದ ಸ್ತೂಪದ ಶಿಲ್ಪಗಳು ಅಲ್ಲಿವೆ. ಅಶೋಕ ಚಕ್ರವರ್ತಿ ರಾಣಿಯ ಜೊತೆ ನಿಂತಿದ್ದಾನೆ, ಹಿಂದೆ ಚಾಮರ ಹಿಡಿದವರು. ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರನ್ನೇ ಕೊರೆದಿದ್ದಾರೆ. ನಾನು ಮಕ್ಕಳಿಗೆ ಕಳಿಂಗ ಯುದ್ಧ ಶುರು ಮಾಡಿದ್ದೆ. ವೈನಿ ಚಕ್ರವರ್ತಿಯನ್ನು ಬಿಟ್ಟು ಕಲ್ಲಿನ ಅಂಚಿಗೆ ಮುಖ ತಂದು ನೋಡುತ್ತಿದ್ದರು. “ಮಾಸ್ತರ, ಇದು ನಮ್ಮ ಸುಣ್ಣಗಲ್ಲೇ ಅಲ್ಲೇನ್ರಿ? ನಮ್ಮ ಅಡಗಿಮನಿ ಕಟ್ಟಿದೂ ಇಂಥದೇ ಅದ.” ಹೌದು, ಇಲ್ಲಿಯದೇ ಕಲ್ಲು. ಹೌದು ಎನ್ನದೆ ಸುಮ್ಮನಿದ್ದಿದ್ದರೆ ಅಣ್ಣನ ಮನೆಯ ಒಲೆಕಟ್ಟೆ ಉಳಿಯುತ್ತಿತ್ತು.

ಶಹಾಬಾದಿ ಕಲ್ಲಿನ ಗುಣವೇ ಪದರು. ಖಣಿಯಲ್ಲಿ ಅದನ್ನು ಹಾಳೆ ಎಬ್ಬಿಸಿದಂತೆ ಎಬ್ಬಿಸಿ ತೆಗೆಯುತ್ತಾರೆ. ಅದಕ್ಕೇ ನೆಲಕ್ಕೂ ಅದೇ, ಮಾಡಿಗೂ ಅದೇ, ದನದ ಗೋದಲಿಗೂ ಅದೇ. ವೈನಿ ಸ್ಕ್ರೂಡ್ರೈವರಿಗೆ ಒರಳಗುಂಡಿನಿಂದ ಬಡಿಯುತ್ತಾ ಒಲೆಕಟ್ಟೆಯ ಮೇಲೆ ಅಶೋಕನ ಕಿರೀಟ, ಹಣೆ, ಹುಬ್ಬು ದಾಟಿ ಮೂಗಿಗೆ ಬಂದಾಗ ಕಲ್ಲು ತನ್ನ ಗುಣ ತೋರಿಸಿತು. ಮೂಗಿನ ಸಂಗಡ ಒಂದು ಪದರು ಎದ್ದು ಪಾತ್ರೆ ತೊಳೆಯುವ ಸಿಂಕಿನ ತನಕ ಬಂತು. ಈಗ ಅಲ್ಲಿ ಹಾಲು ಉಕ್ಕಿದರೆ ಹುಬ್ಬಿನಲ್ಲಿ ನಿಲ್ಲುತ್ತದೆ.

ಬಿದರಿಯ ಕತೆ ಚಿಕ್ಕದು. ಬೀದರಿನವರು ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿದರೆ ಮೈ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ವೈನಿಯ ಕಿವಿಗೆ ಬಿದ್ದದ್ದು ಕೋಟೆಯ ಮಣ್ಣಷ್ಟೇ. ಬೀದರ್ ಯಾಕೆ, ರಾಷ್ಟ್ರಕೂಟರ ರಾಜಧಾನಿ ಮಳಖೇಡವೇ ಹತ್ತಿರವಿದೆಯಲ್ಲ ಎಂದು ಅಲ್ಲಿಯ ಒಂದು ಚೀಲ ಮಣ್ಣು ತರಿಸಿ ಅತ್ತೆಯ ಸ್ಟೀಲ್ ಚೊಂಬಿಗೆ ಉಜ್ಜಿದರು. ಚೊಂಬು ಕಪ್ಪಾಗಲಿಲ್ಲ, ತವರಿನವರು ಕೊರೆಸಿದ್ದ ಹೆಸರು ಅಳಿಸಿತು. ಆ ವಿಷಯವನ್ನು ಅತ್ತೆಯ ಮುಂದೆ ಈಗಲೂ ಎತ್ತಬಾರದು.

2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1755 ಸಾಮಾನುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿ ನೋಡಲು ಹಂಪಿಗೇ ಹೋಗಬೇಕಿಲ್ಲ, ನಮ್ಮ ಸುತ್ತಲೂ ಲಂಬಾಣಿ ತಾಂಡಾಗಳೇ. ಸಂತೆಗೆ ಬಂದ ಒಬ್ಬ ಮುದುಕಿಯ ಕಾಂಚಳಿಯ ಕನ್ನಡಿ, ಕವಡೆ, ಬಿಳಿ ದಾರದ ಸಣ್ಣ ಹೊಲಿಗೆ ನೋಡುತ್ತಾ ವೈನಿ ದಾರಿಯಲ್ಲೇ ಕುಳಿತುಬಿಟ್ಟರು. “ಯವ್ವಾ, ನಿನಗ ಇಂಥಾ ಐಡಿಯಾ ಎಲ್ಲಿಂದ ಬರ್ತಾವ?” ಮುದುಕಿ ಹೇಳಿದಳು: “ತಗೋತೀಯೇನು, ಬರೇ ಮಾತಾಡ್ತೀಯೇನು? ನನಗ ಬಸ್ಸಿಗಿ ಹೊತ್ತಾಗ್ತದ.” ವೈನಿ ಕನ್ನಡಿ ಬಿಲ್ಲೆಗಳ ಪೊಟ್ಟಣ ಕೊಂಡರು. ಅದರ ಮೊದಲ ಪ್ರಯೋಗ ನನ್ನ ಸ್ಕೂಟರಿನ ಸೀಟಿನ ಕವರ್ ಮೇಲೆ ಆಯಿತು, ಪ್ರೀತಿಯಿಂದ, ಉಚಿತವಾಗಿ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಕನ್ನಡಿ ಬಿಲ್ಲೆಯ ಮೇಲೆ ಅದು ಎಷ್ಟಾಗುತ್ತದೆ ಎಂಬುದು ನನಗೂ ನನ್ನ ಧೋತರಕ್ಕೂ ಗೊತ್ತು.

ಇಷ್ಟೆಲ್ಲ ನಡೆಯುವಾಗ ಕಟ್ಟೆಯ ಇನ್ನೊಂದು ತುದಿಗೆ ವೈನಿಯ ಅತ್ತೆ ಕೌದಿ ಹೊಲಿಯುತ್ತಾ ಕೂತಿರುತ್ತಾರೆ. ಎರಡು ಹಳೇ ಸೀರೆ ಕೆಳಗೆ, ಮೇಲೆ ಧೋತರ, ಕುಬಸ, ಲಂಗದ ತುಂಡುಗಳು, ದಪ್ಪ ಸೂಜಿ. ಅಂಚಿನಿಂದ ಹೊರಟ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ನಾನೊಮ್ಮೆ ಕೇಳಿದ್ದೆ. “ಬಣ್ಣ ಯಾರ್ ನೋಡ್ತಾರ? ಗಟ್ಟಿ ಇದ್ದದ್ದು ಮ್ಯಾಲ, ಜೂನಿದು ಒಳಗ.” ಹಸಿರು ಇರ್ಕಲ್ ಸೀರೆಯ ಪಕ್ಕ ನೀಲಿ ಪಟ್ಟಾಪಟ್ಟಿ, ಅದರ ಪಕ್ಕ ಒಂದು ಚೂರು ಅರಿಶಿನ ಬಣ್ಣ, ಹೀಗೆ ಗಟ್ಟಿತನದ ಲೆಕ್ಕದಲ್ಲೇ ಕೂತ ತುಂಡುಗಳು ಅದೇನು ಚೆಂದ ಕೂತಿರುತ್ತವೆ! ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯಾದ ಕವಂದಿಯ ನಾಲ್ಕೂ ಮೂಲೆಗೆ ‘ಫೂಲ್’ ಎಂಬ ಮಡಚಿದ ತುಂಡು ಇಟ್ಟು ಹೊಲಿಯುತ್ತಾರೆ, ಅದಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಇದನ್ನು ಹೇಳಿದ್ದಕ್ಕೆ ಅತ್ತೆ “ಅವ್ರಿಗಿ ಅರಿವಿ ಹೆಚ್ಚಾಗಿರ್ಬೇಕು” ಅಂದರು.

ಕಲಬುರಗಿಯಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ಬಂತು. ವೈನಿ ತಾವೂ ಬರೆದಿದ್ದ ಫರಸಿ ನವಿಲು, ಪಹಣಿ ಪುಟ್ಟಿ, ರೊಟ್ಟಿ ಚುಕ್ಕಿಯ ಅರಿವೆ ಎಲ್ಲ ಕಟ್ಟಿದರು. ಒಡೆಯಬಾರದೆಂದು ನವಿಲಿಗೆ ಅತ್ತೆಯ ಕೌದಿ ಸುತ್ತಿದರು. ಮಳಿಗೆ ಹಾಕಿದ ಮೊದಲ ದಿನವೇ ಕನ್ನಡಕದ ಒಬ್ಬ ಹೆಣ್ಣುಮಗಳು ಬಂದು ನವಿಲನ್ನು ಪಕ್ಕಕ್ಕೆ ಸರಿಸಿ, ಕೆಳಗಿದ್ದ ಕೌದಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. ವೈನಿ ಫೋನ್ ಹಚ್ಚಿದರು. ಮಾಲು ಹೊತ್ತು ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಚಾಲು ಇತ್ತು.

“ಅತ್ತಿ, ಕೌದಿ ಕೇಳ್ಲತ್ತಾರ್ರಿ.”

“ಯಾವ್ದು, ನಿನ್ನ ಕಲ್ಲ ಸುತ್ತಿದ್ದೇನು? ಮೊಮ್ಮಗ ಉಚ್ಚಿ ಹೊಯ್ದದ್ದದ ಅಂತ ಹೇಳು.”

“ಎರಡು ಸಾವಿರ ಕೊಡ್ತಾರಂತ್ರಿ.”

ಆ ಕಡೆ ಸೂಜಿ ಕೆಳಗಿಟ್ಟಿರಬೇಕು. “ಒಗದದ ಅಂತ ಹೇಳು.”

ಮೇಳದಿಂದ ನವಿಲು ಮರಳಿ ಬಂತು. ಅತ್ತೆಯ ಟ್ರಂಕಿನಲ್ಲಿದ್ದ ಉಳಿದ ಕೌದಿಗಳೂ ಹೋದವು. ತಿಂಗಳೊಪ್ಪತ್ತಿನಲ್ಲಿ ಅದೇ ಕನ್ನಡಕದವರ ಫೋನ್ ಬಂತು: ಮಗಳ ಮನೆಗೆ ಇನ್ನೊಂದು ಬೇಕು, ಸೇಮ್ ಟು ಸೇಮ್, ಆ ನೀಲಿ ಪಟ್ಟಾಪಟ್ಟಿಯಂತೂ ಬೇಕೇ ಬೇಕು, ಅಡ್ವಾನ್ಸ್ ಹಾಕುತ್ತೇನೆ. ಅತ್ತೆ ಗಂಟು ಬಿಚ್ಚಿ ಹುಡುಕಿದರು. ಪಟ್ಟಾಪಟ್ಟಿಯ ತುಂಡು ಎಲ್ಲಿಯೂ ಇಲ್ಲ. ಅದು ಅಣ್ಣನ ಪೈಜಾಮದ್ದು. ಒಂದೇ ತಾನಿನಲ್ಲಿ ಹೊಲಿಸಿದ ಎರಡರಲ್ಲಿ ಒಂದು ಹರಿದು ಕೌದಿ ಸೇರಿತ್ತು, ಇನ್ನೊಂದನ್ನು ಅಣ್ಣ ಉಟ್ಟುಕೊಂಡು ಅಲ್ಲೇ ಟಿವಿ ಮುಂದೆ ಕೂತಿದ್ದರು. ಅತ್ತೆ, ಸೊಸೆ ಇಬ್ಬರೂ ಒಮ್ಮೆಲೇ ಅತ್ತ ತಿರುಗಿದರು. ಅತ್ತೆ ಮಗನ ಮೊಳಕಾಲ ಹತ್ತಿರ ಬಂದು ಬೆರಳಿನಲ್ಲಿ ಅರಿವೆ ತಿಕ್ಕಿ ನೋಡಿ, “ಗಟ್ಟಿ ಅದ” ಅಂದರು.

ಅಣ್ಣ ಮೊದಲು ಸಿಟ್ಟಾದರು. ಆಮೇಲೆ ಅಡ್ವಾನ್ಸ್ ಎಷ್ಟು ಬಂದಿದೆ ಎಂದು ಕೇಳಿದರು. ಮರುದಿನ ಪೈಜಾಮವನ್ನು ಅಂಗಡಿಗೆ ಒಯ್ದು, ತೊಗರಿ ತೂಗುವ ಕಾಟಾದ ಮೇಲಿಟ್ಟು, ತೂಕ, ದರ ಬರೆದು, ಹಮಾಲಿ ಹಿಡಿದು, ತಮ್ಮ ದಲಾಲಿ ಕೂಡಿಸಿ ಬಿಳಿ ಚೀಟಿ ಹರಿದು ತಾಯಿಯ ಕೈಗೆ ಕೊಟ್ಟರು. ಅತ್ತೆಗೆ ಓದು ಬಾರದು. ನನ್ನಿಂದ ಎರಡು ಸಲ ಓದಿಸಿಕೊಂಡು, ಪೈಜಾಮ ತಿರುವಿ ಮುರುವಿ ನೋಡಿ, ಮಗನ ಕಡೆಗೇ ಒಗೆದರು: “ಲಾಡಿ ತೆಗದು ತೂಗು.”