ಮದ್ದೂರು ಕಥಾಕಮ್ಮಟ ಪ್ರಸ್ತಾವನೆ: ಒಂದು ಲಕ್ಷಣ ವಿಚಾರ

ಕಥೆ ಹೇಳುವುದನ್ನು ಕಲಿಸುತ್ತೇವೆಂದು ಒಪ್ಪಿಸಿ, ಅದಕ್ಕೆ ಹಣ ಕೇಳುವ ಗದ್ಯವೇ ಕಮ್ಮಟದ ಪ್ರಸ್ತಾವನೆ. ಇದೂ ಕಥಾಪ್ರಕಾರವೇ, ನಾಯಕನ ಜಾಗದಲ್ಲಿ ಸಂಪನ್ಮೂಲ ವ್ಯಕ್ತಿ ಇರುತ್ತಾನೆ, ಅಷ್ಟೇ.

ಮೊದಲ ಅಂಗ ಸ್ಥಳನಿರ್ಣಯ. ಬರೀ ‘ಮದ್ದೂರು’ ಎಂದು ಬರೆದರೆ ಕಡತ ವಡೆಯ ವಾಸನೆ ಹಿಡಿದು ಮಂಡ್ಯ ಜಿಲ್ಲೆಗೆ ಹೋಗುತ್ತದೆ. ಗುಂಡ್ಲುಪೇಟೆ ತಾಲೂಕು, ಬಂಡೀಪುರದ ಕಾಡಂಚು, ವಯನಾಡು ರಸ್ತೆ ಎಂದು ಬಿಡಿಸಿ ಹೇಳತಕ್ಕದ್ದು.

ಅನಂತರ ‘ಅಗತ್ಯ’. ಸೀಮೆಯ ಜನಕ್ಕೆ ಕಥೆ ಬಾರದೆಂದು ಇಲ್ಲಿ ಸಾಧಿಸಬೇಕು. ಪೂರ್ವಪಕ್ಷ ಮಾತ್ರ ಬಲು ಗಟ್ಟಿ. ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿಯ ಕಥೆಯನ್ನು, ದೇವರಗುಡ್ಡರು ಕಂಸಾಳೆ ಬಡಿದು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮಾದಪ್ಪನ ಕಥೆಯ ಸಂಕಮ್ಮನ ಸಾಲೊಂದನ್ನೇ ಎತ್ತಿಕೊಂಡರೂ ಕೋಳಿ ಕೂಗೀತು. ಇದಕ್ಕೆ ಸರ್ವಸಮ್ಮತ ಸಿದ್ಧಾಂತ: ‘ಸಂಪ್ರದಾಯ ನಶಿಸುತ್ತಿದೆ.’ ನಶಿಸುತ್ತಿರುವವರು ಎದುರಿಗೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರೆ ಅವರನ್ನು ‘ಫಲಾನುಭವಿಗಳು’ ಎಂಬ ಕಾಲಮ್ಮಿಗೆ ಸೇರಿಸುವುದು ವಾಡಿಕೆ.

ಕಾಲಾವಧಿಯಲ್ಲಿ ಶಾಸ್ತ್ರಕ್ಕೂ ಚೆಕ್‌ಪೋಸ್ಟಿಗೂ ತಿಕ್ಕಾಟ. ಕಥೆಯ ಹೊತ್ತು ರಾತ್ರಿಯ ಊಟವಾದ ಮೇಲೆ. ಪ್ರಸ್ತಾವನೆಯ ಹೊತ್ತು ಬೆಳಿಗ್ಗೆ ಹತ್ತರಿಂದ ಐದು, ನಡುವೆ ಎರಡು ಟೀ. ಕಾಡಿನೊಳಗೆ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲೋ, ಆನೆ ಮೊದಲಾದ ಕಾಡುಪ್ರಾಣಿಗಳ ಸಲುವಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. 2009ರಲ್ಲಿ ಜಿಲ್ಲಾಡಳಿತ ತಂದದ್ದು, 2010ರಲ್ಲಿ ಹೈಕೋರ್ಟು ಎತ್ತಿಹಿಡಿದದ್ದು. ಆಂಬುಲೆನ್ಸಿಗೆ ವಿನಾಯಿತಿಯುಂಟು, ಸಂಪನ್ಮೂಲ ವ್ಯಕ್ತಿಗಿಲ್ಲ. ಗೇಟು ಬೀಳುವ ಹೊತ್ತಿಗೇ ಕಥೆ ಏಳುತ್ತದೆ. ವಯನಾಡಿನಿಂದ ಬಂದ ಅತಿಥಿ ಬೆಳಗಿನವರೆಗೆ ಕೂತು ಕೇಳದೆ ವಿಧಿಯಿಲ್ಲ. ಆನೆಗಳ ಈ ಉಪಕಾರವನ್ನು ಯಾವ ಪ್ರಸ್ತಾವನೆಯೂ ‘ಸಹಯೋಗ’ ಎಂಬಲ್ಲಿ ನಮೂದಿಸಿದಂತಿಲ್ಲ.

ಖರ್ಚಿನ ಪಟ್ಟಿಯಲ್ಲಿ ಬ್ಯಾನರು, ಶಾಲು, ಹಾರಗಳಿಗೆ ಅಗ್ರಸ್ಥಾನ. ಗುಂಡ್ಲುಪೇಟೆಯ ಸುತ್ತ ಚೆಂಡುಹೂವನ್ನು ಹೊಲಗಟ್ಟಲೆ ಬೆಳೆದರೂ ಹಾರಕ್ಕೆ ಮೂರು ಕೊಟೇಶನ್ ಬೇಕು. ಎಲೆಅಡಿಕೆ ‘ಇತರೆ’ಯಲ್ಲಿ ಅಡಗುತ್ತದೆ. ಹೂಂಗುಟ್ಟುವವನದೇ ಸಮಸ್ಯೆ. ಅವನಿಲ್ಲದೆ ಕಥೆ ಒಂದಡಿಯೂ ಮುಂದೆ ಸಾಗದು. ಆದರೆ ‘ಹೂಂ’ ಒಂದಕ್ಕೆ ಇಷ್ಟೆಂದು ದರ ನಿಗದಿಯಾಗಿಲ್ಲ, ಎಷ್ಟು ಸಲ ಅಂದನೆಂಬುದಕ್ಕೆ ವೋಚರೂ ಇರುವುದಿಲ್ಲ. ಲೆಕ್ಕಪರಿಶೋಧನೆಯ ಭಯದಿಂದ ಅವನನ್ನು ‘ಧ್ವನಿವರ್ಧಕ ಬಾಡಿಗೆ’ಯಡಿ ತೋರಿಸುವವರಿದ್ದಾರೆ.

ಕಡೆಯದು ಪ್ರಮಾಣಪತ್ರ. ಕಲಿಯಬಂದವರಿಗೆ ‘ತರಬೇತಿ ಪಡೆದಿದ್ದಾರೆ’ ಎಂದು ಬರೆಯಬೇಕು. ದೀಕ್ಷೆಯಾಗಿ, ಹಾಡಿಯೇ ತಲೆ ನರೆತ ನೀಲಗಾರರಿಗೆ ‘ಭಾಗವಹಿಸಿದ್ದಾರೆ’ ಎಂದಷ್ಟೇ ಸಾಕು.