ಟವೆಲ್ ಸಳಿಯ ಮೇಲೆ ಭಾರ

ಹಿರಿಯರು ಬಚ್ಚಲಿನಲ್ಲಿ ಜಾರಿ ಬಿದ್ದರೆ ತಪ್ಪನ್ನು ವಯಸ್ಸಿನ ತಲೆಗೋ ಗ್ರಹಚಾರದ ತಲೆಗೋ ಕಟ್ಟುವುದು ನಮ್ಮಲ್ಲಿ ರೂಢಿ. ಪಾಪ, ಅವೆರಡೂ ತಿರುಗಿ ಮಾತಾಡುವುದಿಲ್ಲ. ನನ್ನ ವಾದವೆಂದರೆ, ಗದಗ-ಬೆಟಗೇರಿಯ ಬಚ್ಚಲಿನಲ್ಲಿ ಮನುಷ್ಯರನ್ನು ಕೆಡವುವುದು ಮಂಡಿಯಲ್ಲ, ದಾಸ್ತಾನು. ತುಂಗಭದ್ರೆಯ ನೀರು ಮುಂಡರಗಿ ಕಡೆಯಿಂದ ಪೈಪಿನಲ್ಲಿ ಬರುವ ಅವಳಿ ನಗರವಿದು. ನಳ ಬರುವುದು ದಿನ ಎಣಿಸಿ. ಬಂದ ದಿನ ಕೊಡ, ಬಕೆಟ್ಟು, ಬ್ಯಾರಲ್ಲು, ಮದುವೆಗೆ ಮಾತ್ರ ಅಟ್ಟದಿಂದ ಇಳಿಯುವ ಪಾತೇಲಿ ಸಹ ತುಂಬಿ ಬಚ್ಚಲಿನಲ್ಲಿ ಸಾಲಾಗಿ ನಿಲ್ಲುತ್ತವೆ. ಉಳಿದ ಸಂದಿಯಲ್ಲಿ ಗಟ್ಟಿಮುಟ್ಟಾದವರೇ ಮಗ್ಗುಲಾಗಿ ಸರಿಯಬೇಕು. ಊರುಗೋಲು ಊರಲು ಅಂಗೈಯಗಲದ ನೆಲ ಇಲ್ಲ, ಗಾಲಿಕುರ್ಚಿಯ ಮಾತಂತೂ ದೂರ. ಸಾಲದ್ದಕ್ಕೆ ನಿನ್ನೆ ಎಡಕ್ಕಿದ್ದ ಕೊಡ ಇವತ್ತು ಬಲಕ್ಕೆ. ಕಣ್ಣು ಮಂಜಾದವರಿಗೆ ವಸ್ತು ಇಟ್ಟಲ್ಲೇ ಇರುವುದೇ ಅರ್ಧ ದೃಷ್ಟಿ. ಅಂಧರಿಗೆ ಸಂಗೀತ ಕಲಿಸುವ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾಸ್ತಾನಿನ ನಂತರದ ಆರೋಪಿ ನೆಲ. ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ನೋಡಿ: ಚಾಲುಕ್ಯರ ಕಾಲದ ಶಿಲ್ಪಿಗಳು ತಮ್ಮ ನಯವನ್ನೆಲ್ಲ ಕಂಬಕ್ಕೆ ಸುರಿದಿದ್ದಾರೆ. ನಾವೋ, ಕಾಲಿಗೆ ಹಿಡಿತ ಕೊಡುತ್ತಿದ್ದ ಒರಟು ಪರಸಿಯನ್ನು ಕಿತ್ತು, ಮುಖ ಕಾಣುವಂಥ ಟೈಲ್ಸ್ ಹಾಕಿಸಿ, ಅದರ ಮೇಲೆ ಸಾಬೂನಿನ ನೊರೆ ಚೆಲ್ಲಿ, ದೇವರಿದ್ದಾನೆ ಎನ್ನುತ್ತೇವೆ. ಜಾರುವ ಕ್ಷಣದಲ್ಲಿ ಕೈ ಹುಡುಕುವುದು ಮಾತ್ರ ದೇವರನ್ನಲ್ಲ, ಟವೆಲ್ ಸಳಿಯನ್ನು. ಎರಡು ಗಿಡ್ಡ ಸ್ಕ್ರೂ, ಎರಡು ಪ್ಲಾಸ್ಟಿಕ್ ಬೆಣೆಗಳ ಮೇಲೆ ನಿಂತ ಆ ಸಳಿ ಒದ್ದೆ ಟವೆಲ್ಲಿನ ಭಾರಕ್ಕೆ ನೇಮಕಗೊಂಡದ್ದು. ಅರವತ್ತು ಕಿಲೋ ಮನುಷ್ಯ ಜೋತುಬಿದ್ದರೆ ಅವನ ಜೊತೆಗೇ ಕೆಳಗಿಳಿಯುತ್ತದೆ. ಬೇಕಾದ ಹಿಡಿಕೆ ಬೇರೆ. ಮುಷ್ಟಿ ತುಂಬುವ, ಸುಮಾರು 4 ಸೆಂ.ಮೀ. ದಪ್ಪದ ಪೈಪು, ಗೋಡೆಯಿಂದ ಬೆರಳು ಆಡುವಷ್ಟು ದೂರ, ಟೈಲ್ಸಿಗಲ್ಲದೆ ಒಳಗಿನ ಗಟ್ಟಿ ಗೋಡೆಗೇ ಕಚ್ಚಿದ್ದು. ಎತ್ತರ ಎಷ್ಟೆಂದು ಗೌಂಡಿ ಕೇಳಿದರೆ ಅಜ್ಜಿಯನ್ನೇ ನಿಲ್ಲಿಸಿ ಅಳತೆ ತೆಗೆಯಬೇಕು. ರವಿಕೆಗೆ ಅಳತೆ ಕೊಡುವವರು ಇದಕ್ಕೇಕೆ ನಾಚಬೇಕು? ಸಂಡಾಸದ ಕತೆಯೂ ಅಷ್ಟೇ. ಬೆಟಗೇರಿಯ ಮಗ್ಗದ ಕುಣಿಯಲ್ಲಿ ಕಾಲಾಡಿಸಿ ಸವೆದ ಮಂಡಿಗೆ ಕುಕ್ಕರಗಾಲಲ್ಲಿ ಕೂತು ಏಳು ಎನ್ನುವುದು ಶಿಕ್ಷೆ. 45ರಿಂದ 48 ಸೆಂ.ಮೀ. ಎತ್ತರದ ಆಸನ ಸಾಕು. ಕಮೋಡ್ ಕೂರಿಸಲಾಗದಿದ್ದರೆ ನಡುವೆ ತೂತಿರುವ ಕುರ್ಚಿ ಇದೆ. ಇನ್ನು ಬಾಗಿಲು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆಯೇ ಯಾರಾದರೂ ಬಿದ್ದರೆ ಎತ್ತಲು ಬಂದವರು ಹೊರಗೇ ನಿಂತು ಧೈರ್ಯ ಹೇಳಬೇಕಾಗುತ್ತದೆ.

ಆಕ್ಷೇಪಗಳು ಗೊತ್ತು. ಬಚ್ಚಲು ದವಾಖಾನೆಯಂತೆ ಕಾಣುತ್ತದಂತೆ. ಕಾಣಲಿ, ದವಾಖಾನೆಯೇ ಮನೆಯಾಗುವುದಕ್ಕಿಂತ ಅಗ್ಗ. ‘ನನಗೇನಾಗೇತಿ?’ ಎಂದು ಹಿರಿಯರೇ ಮುನಿಯುತ್ತಾರೆ ಎಂಬುದು ನಿಜವಾದ ತೊಡಕು. ಹಿಡಿಕೆಯನ್ನು ಅವರ ಹೆಸರಿನಲ್ಲಿ ಹಾಕಿಸಬಾರದು, ಬಾಣಂತನಕ್ಕೆ ಬರುವ ಮಗಳ ಹೆಸರಿನಲ್ಲಿ ಹಾಕಿಸಬೇಕು. ಹಿಡಿಯುವ ಕೈಯ ವಯಸ್ಸನ್ನು ಪೈಪು ಕೇಳುವುದಿಲ್ಲ. ಕಾನೂನೇ ಬಂದು ಮಾಡಿಸಲಿ ಎಂದು ಕಾಯುವಂತೆಯೂ ಇಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಹೇಳುತ್ತದೆಯೇ ಹೊರತು ನಮ್ಮ ಬಚ್ಚಲಿಗೆ ಇಣುಕುವುದಿಲ್ಲ. ದಾಸ್ತಾನು ತೆಗೆದರೆ ನೀರು ಎಲ್ಲಿಡೋಣ ಎಂಬುದೇ ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಹಿತ್ತಲಿದ್ದವರು ಬ್ಯಾರಲ್ಲುಗಳನ್ನು ಅಲ್ಲಿಗೆ ಸಾಗಿಸಬಹುದು. ಲಕ್ಷ್ಮೇಶ್ವರ, ಶಿರಹಟ್ಟಿಗಳ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಯವರಿಗೆ ಆ ಉಪದೇಶ ಕೊಡಲು ನಾನು ಸಿದ್ಧನಿಲ್ಲ. ಅಂಥಲ್ಲಿ ಹತ್ತು ಪಾತ್ರೆಯ ಬದಲು ಒಂದೇ ಗೋಡೆಗೆ ಒಂದು ದೊಡ್ಡ ಬ್ಯಾರಲ್ಲು, ಅದರ ಬುಡಕ್ಕೊಂದು ನಲ್ಲಿ, ನಲ್ಲಿಯ ಮುಂದೆ ಅಲುಗಾಡದ ಸ್ಟೂಲು ಇಟ್ಟರೆ ಬಗ್ಗಿ ನೀರು ಮೊಗೆಯುವ ಕಸರತ್ತು ತಪ್ಪುತ್ತದೆ. ನಲ್ಲಿ ಸೋರುತ್ತದೆ ಎನ್ನುವವರಿಗೆ ವಾಷರ್ ಎಂಬ ವಸ್ತು ಇನ್ನೂ ಸಿಗುತ್ತದೆ.

ಮುಹೂರ್ತವನ್ನೂ ನಾನೇ ಇಟ್ಟುಕೊಡುತ್ತೇನೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಬಚ್ಚಲನ್ನು ಪೂರ್ತಿ ಖಾಲಿ ಮಾಡಿ ತಿಕ್ಕುತ್ತೇವೆ, ಹಂಡೆಗೆ ಬಳ್ಳಿ ಸುತ್ತಿ ಪೂಜೆ ಮಾಡುತ್ತೇವೆ, ಮರುದಿನ ನಸುಕಿನಲ್ಲಿ ಮೈತುಂಬ ಎಣ್ಣೆ ಹಚ್ಚಿದ ಅಜ್ಜನನ್ನು ಆ ಥಳಥಳ ಟೈಲ್ಸ್ ಮೇಲೆ ನಿಲ್ಲಿಸುತ್ತೇವೆ. ಬಚ್ಚಲು ಖಾಲಿ ಸಿಗುವುದು ಆಗ ಮಾತ್ರ. ಹಬ್ಬದ ಹೊತ್ತಿಗೆ ಗೌಂಡಿ ಸಿಗುವುದಿಲ್ಲ ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಅವನಿಗೆ ದಸರೆಗೇ ಹೇಳಿಡಬೇಕು.