ಹಿಂದೆ ಇಲ್ಲಿದ್ದವರು

ಬೆಂಗಳೂರಿನಲ್ಲಿ ಮನೆ ಮಾಡಿಕೊಂಡವರಿಗೆ ವರ್ಷಕ್ಕೊಮ್ಮೆಯಾದರೂ ಇಂಥ ಒಬ್ಬ ಅತಿಥಿ ಬರುವುದು ತಪ್ಪುವುದಿಲ್ಲ. ಯಾರದೋ ಮದುವೆಗೋ, ಕಣ್ಣಿನ ಆಪರೇಷನ್ನಿಗೋ, ಮೊಮ್ಮಗುವಿನ ನಾಮಕರಣಕ್ಕೋ ಬಂದಿರುತ್ತಾರೆ. ಈಗ ಶಿವಮೊಗ್ಗದಲ್ಲೋ ಹಾಸನದಲ್ಲೋ ಪಿಂಚಣಿ ಎಣಿಸಿಕೊಂಡು ನೆಮ್ಮದಿಯಾಗಿದ್ದಾರೆ. ಆದರೆ ಎಂಬತ್ತರ ದಶಕದಲ್ಲಿ ನಾಲ್ಕಾರು ವರ್ಷ ಇಲ್ಲಿನ ಬ್ಯಾಂಕಿನಲ್ಲೋ ಎ.ಜಿ. ಆಫೀಸಿನಲ್ಲೋ ಕೆಲಸ ಮಾಡಿ, ವರ್ಗವಾಗಿ ಹೋದವರು. ಅಷ್ಟು ಸಾಕು. ತಾವಿಲ್ಲದಾಗ ಈ ಊರು ಏನೇನು ಮಾಡಿಕೊಂಡಿದೆ ಎಂದು ತಪಾಸಣೆ ನಡೆಸುವ ಅಧಿಕಾರ ಅವರಿಗೆ ಬದುಕಿರುವಷ್ಟು ಕಾಲ ಉಂಟು.

ತಪಾಸಣೆ ಆಟೋದಿಂದಲೇ ಶುರು.

"ಫೋರ್ತ್ ಬ್ಲಾಕ್‌ಗೆ ಬರ್ತೀಯೇನಪ್ಪಾ? ಪುಟ್ಟಣ್ಣ ಇದೆಯಲ್ಲ, ಅದರ ಹತ್ತಿರ."

"ಪುಟ್ಟಣ್ಣ ಅವರ ನಂಬರ್ ಇದ್ರೆ ಕೊಡಿ ಸಾರ್, ಫೋನ್ ಮಾಡಿ ಲೊಕೇಶನ್ ಕೇಳ್ತೀನಿ."

ಹುಡುಗನಿಗೆ ಇಪ್ಪತ್ತೆರಡು ವರ್ಷ. ಜಯನಗರದಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಟಾಕೀಸು ಇತ್ತೆಂಬುದು ಅವನಿಗೆ ಗೊತ್ತಿಲ್ಲ. ಅದನ್ನು ಕೆಡವಿದ್ದು ಇವರಿಗೆ ಗೊತ್ತಿಲ್ಲ. ಇವರ ತಲೆಯಲ್ಲಿರುವ ಬೆಂಗಳೂರಿನ ನಕ್ಷೆಯೆಲ್ಲ ಇಲ್ಲದ ಗುರುತುಗಳ ಮೇಲೇ ನಿಂತಿದೆ. ಕಪಾಲಿ ದಾಟಿ ಬಲಕ್ಕೆ, ಪ್ಲಾಜಾದ ಎದುರಿಗೆ, ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಗಿಂತ ಒಂದು ಸ್ಟಾಪು ಮೊದಲು. ಮೊಬೈಲಿನ ಹೆಂಗಸು "ಎಡಕ್ಕೆ ತಿರುಗಿ" ಎಂದರೆ, "ಇವಳಿಗೇನು ಗೊತ್ತು, ನೀನು ನೇರ ಹೋಗು" ಎನ್ನುತ್ತಾರೆ. ನೇರ ಹೋದರೆ ಒನ್‌ವೇ. ಪೊಲೀಸಿನವರು ಕೈ ಅಡ್ಡ ಹಾಕಿದಾಗಲೂ ಇವರದು ಒಂದೇ ವಾದ: "ಆಗ ಇದು ಟೂವೇ ಇತ್ತಲ್ಲ ಸ್ವಾಮಿ!"

ಮನೆಗೆ ಬಂದವರು ಮೊದಲು ನೋಡುವುದು ತಲೆಯ ಮೇಲಿನ ಫ್ಯಾನು. "ನಾವಿದ್ದಾಗ ಫ್ಯಾನು ಅನ್ನೋದೇ ಇರಲಿಲ್ಲ. ಏಪ್ರಿಲ್ಲಿನಲ್ಲೂ ರಾತ್ರಿ ಹೊದ್ದುಕೊಂಡೇ ಮಲಗ್ತಿದ್ವಿ. ಆರಿಸಮ್ಮಾ, ಅಭ್ಯಾಸ ಕೆಟ್ಟುಹೋಗುತ್ತೆ." ಸೊಸೆ ಆರಿಸುತ್ತಾಳೆ. ಹತ್ತು ನಿಮಿಷಕ್ಕೆ ಪಂಚೆಯ ತುದಿಯಿಂದ ಗಾಳಿ ಹಾಕಿಕೊಳ್ಳುತ್ತಾ, "ಒಂದು ಪಾಯಿಂಟಿನಲ್ಲಿ ಇಡು" ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಫ್ಯಾನು ಐದರಲ್ಲಿರುತ್ತದೆ. ಅದರ ಸದ್ದನ್ನು ಮೀರಿ ಕೇಳಿಸಬೇಕೆಂದು ಇವರು ಆಗಿನ ಚಳಿಯನ್ನು ಗಟ್ಟಿ ದನಿಯಲ್ಲಿ ವರ್ಣಿಸುತ್ತಿರುತ್ತಾರೆ.

ಹೋದದ್ದಕ್ಕೆ ಇಷ್ಟು ಮರುಗುವವರಿಗೆ ಇರುವುದನ್ನು ಕಂಡರೆ ಸಂತೋಷವಾಗಬೇಕು ಎಂದು ನೀವು ಭಾವಿಸಿದರೆ ಕೆಟ್ಟಿರಿ. ಉಳಿದುಕೊಂಡದ್ದರ ಮೇಲೆ ಇವರಿಗೆ ಒಳಗೊಳಗೇ ಅಸಮಾಧಾನ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಈಗಲೂ ಗಾಂಧಿ ಬಜಾರಿನಲ್ಲೇ ಇದೆ, ಸರ್ವರು ಈಗಲೂ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳ ಗೋಪುರ ಹೊತ್ತು ಬರುತ್ತಾನೆ. ಇವರು ದೋಸೆ ಮುರಿದು, ಕಣ್ಣು ಮುಚ್ಚಿ ಅಗಿದು, "ಪರವಾಗಿಲ್ಲ. ಆದರೆ ಆ ತುಪ್ಪ ಎಲ್ಲಿ?" ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ದೋಸೆ ಹೇಳುತ್ತಾರೆ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಹೋಯಿತಲ್ಲ ಎಂದು ಗೋಳಾಡುವಾಗ, "ಹೋಗಿಲ್ಲ ದೊಡ್ಡಪ್ಪ, ಹಿಂದಿನ ಚರ್ಚ್ ಸ್ಟ್ರೀಟಿನಲ್ಲೇ ಇದೆ, ನಡೆದರೆ ಐದು ನಿಮಿಷ" ಎಂದರೆ ಮುಖ ಬಾಡುತ್ತದೆ. "ಅದು ಅದಲ್ಲ ಬಿಡು." ಗೋಳಾಟವನ್ನು ಅರ್ಧಕ್ಕೇ ನಿಲ್ಲಿಸುವಂಥ ಕಾಫಿ ಅವರಿಗೆ ಬೇಡ.

ಇಲ್ಲಿದ್ದಾಗ ಇವರು ಈ ಊರನ್ನು ಹೊಗಳಿದ್ದನ್ನು ಕೇಳಿದವರು ಯಾರೂ ಇಲ್ಲ. ಆಗಿನ ಬಿ.ಟಿ.ಎಸ್. ಬಸ್ಸಿಗೆ "ಬಿಟ್ರೆ ತಿರುಗಿ ಸಿಗೋಲ್ಲ" ಎಂದು ಅರ್ಥ ಹೇಳಿ ನಕ್ಕವರಲ್ಲಿ ಇವರೂ ಒಬ್ಬರು. ಇಂದು ಅದೇ ಕೆಂಪು ಬಸ್ಸನ್ನು, ಅದರಲ್ಲೂ ಡಬ್ಬಲ್ ಡೆಕ್ಕರನ್ನು, ನೆನೆದರೆ ಕಣ್ಣು ತುಂಬಿ ಬರುತ್ತದೆ. ಮೆಟ್ರೊ ಹತ್ತಿಸಿದರೆ ಹದಿನೈದು ನಿಮಿಷದಲ್ಲಿ ಇಳಿದು ಹೇಳುವ ಮಾತು: "ಕಿಟಕಿ ತೆಗೆಯೋಕಾಗಲ್ಲ, ಕಂಡಕ್ಟರ್ ಇಲ್ಲ, ಜಗಳ ಇಲ್ಲ. ಇದೂ ಒಂದು ಪ್ರಯಾಣವೇ?"

ಇಷ್ಟೆಲ್ಲ ಬರೀ ಪೀಠಿಕೆ. ಅಸಲು ವಿಷಯ ಸೈಟು.

ಹಿಂದೆ ಇಲ್ಲಿದ್ದವರೆಲ್ಲರಿಗೂ ಬೆಂಗಳೂರಿನಲ್ಲಿ ಒಂದು ಸೈಟು ಇದೆ. ಅದನ್ನು ಅವರು ಕೊಳ್ಳಲಿಲ್ಲ, ಅಷ್ಟೆ. "ಬಿ.ಟಿ.ಎಂ. ಲೇಔಟಿನಲ್ಲಿ ತಗೊಳ್ಳಿ ಸಾರ್ ಅಂತ ಕಾಲಿಗೆ ಬಿದ್ದರು. ನಾನೇ ಬೇಡ ಅಂದೆ. ರಾತ್ರಿ ನರಿ ಕೂಗ್ತಿತ್ತು ಅಲ್ಲಿ." ಅಡುಗೆಮನೆಯಿಂದ ಧರ್ಮಪತ್ನಿಯ ದನಿ: "ನರಿ ನೆಪ. ಸ್ಕೂಟರ್ ತಗೋಬೇಕು ಅಂತ ದುಡ್ಡು ಇಟ್ಕೊಂಡಿದ್ರು." ಮೊದಲ ಸಲ ಈ ಕತೆ ಕೇಳಿದಾಗ ಅದು ಮೂವತ್ತು ನಲವತ್ತರ ಸೈಟು. ಮುಂದಿನ ಸಲ ನಲವತ್ತು ಅರವತ್ತಾಯಿತು. ಈ ಸಲ ಮೂಲೆ ಸೈಟು, ಪೂರ್ವದ ಬಾಗಿಲು. ಅಳತೆ ಬೆಳೆದಂತೆಲ್ಲ ಬೆಲೆ ಇಳಿಯುತ್ತಿದೆ. ಇನ್ನೆರಡು ಸಲ ಬಂದುಹೋದರೆ ಮಾಲೀಕನೇ ಕೈಯಿಂದ ದುಡ್ಡು ಕೊಡಲು ಬಂದಿದ್ದನೆಂದು ಗೊತ್ತಾಗುತ್ತದೆ. ಕಾರಿನಲ್ಲಿ ಅಲ್ಲಿಗೆ ಕರೆದೊಯ್ದು ತೋರಿಸಲೇಬೇಕು. ನಾಲ್ಕಂತಸ್ತಿನ ಪಿ.ಜಿ. ಎದುರು ನಿಂತು, ಪ್ರತಿ ಅಂತಸ್ತಿನ ಬಾಡಿಗೆಯನ್ನೂ ಲೆಕ್ಕ ಹಾಕಿ, ತಮಗೆ ಬರಬೇಕಾದ ಬಾಕಿಯೆಂಬಂತೆ ಮೊತ್ತವನ್ನು ಹೇಳುತ್ತಾರೆ.

ಆದರೂ ಇವರನ್ನು ನೋಡಿ ನಗುವ ಮುನ್ನ ಒಂದು ವಿಷಯ ತಿಳಿದಿರಲಿ. ಇವರು ಮೊದಲು ಬಂದಿಳಿದ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕ್ರೀಡಾಕೂಟ ನೋಡಿದ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಇವರಿಗೆ ಬಾಡಿಗೆಗೆ ಕೊಟ್ಟಿದ್ದ ಬಸವನಗುಡಿಯ ಮನೆಯಜಮಾನರು ದಿನವೂ ಜಗಲಿಯಲ್ಲಿ ಕೂತು, "ನಿಮ್ಮಂಥವರೆಲ್ಲ ಬಂದು ಊರು ಕೆಟ್ಟುಹೋಯಿತು, ಆಗ ಎಂಥಾ ಕೆರೆಗಳಿದ್ದವು" ಎನ್ನುತ್ತಿದ್ದರು. ಇವರು ಹೂಂಗುಟ್ಟಿ, ಒಳಗೆ ಬಂದು ಹೆಂಡತಿಯ ಮುಂದೆ ನಗುತ್ತಿದ್ದರು. 1981ರ ಜನಗಣತಿಯಲ್ಲಿ ಸುಮಾರು 29 ಲಕ್ಷವಿದ್ದ ಊರು 2011ಕ್ಕೆ 85 ಲಕ್ಷದ ಹತ್ತಿರ ಬಂತು. ಅಷ್ಟೂ ಜನರಲ್ಲಿ ಊರು ಕೆಡಿಸಲು ಬಂದವರು ಯಾವಾಗಲೂ ತಮ್ಮ ನಂತರದವರೇ.

ಆದ್ದರಿಂದ ಇಂಥವರು ಬಂದರೆ ವಾದಕ್ಕಿಳಿಯಬೇಡಿ. ಫ್ಯಾನಿನ ರೆಗ್ಯುಲೇಟರನ್ನು ಅವರ ಕೈಗೆಟಕುವಂತೆ ಬಿಡಿ, ಎರಡನೇ ದೋಸೆ ಅವರು ಕೇಳುವ ಮುಂಚೆಯೇ ಹೇಳಿ, ಸೈಟಿನ ಮುಂದೆ ಕಾರು ಐದು ನಿಮಿಷ ನಿಲ್ಲಿಸಿ. ನೀವೂ ಒಂದು ದಿನ ಈ ಊರು ಬಿಡುತ್ತೀರಿ. ಬಿಟ್ಟು ಬಂದಾಗ ನಿಮ್ಮ ತಮ್ಮನ ಮಗನ ಮುಂದೆ, "ಸಿಲ್ಕ್ ಬೋರ್ಡಿನಲ್ಲಿ ಆಗ ಎಂಥಾ ಟ್ರಾಫಿಕ್ ಇತ್ತು ಗೊತ್ತಾ, ಕಾರಿನಲ್ಲೇ ಕೂತು ಒಂದು ಸಿನಿಮಾ ಮುಗಿಸ್ತಿದ್ವಿ" ಎಂದು ಕಣ್ಣೊರೆಸಿಕೊಳ್ಳುತ್ತೀರಿ. ನೀವು ಕೊಳ್ಳದೆ ಬಿಟ್ಟ ಫ್ಲಾಟಿನ ಅಳತೆಯನ್ನು ಮಾತ್ರ ಈಗಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ.